ಅವ್ವನ ಹೆಸರಿನ ಕಲ್ಲು

ಕುಬೇರಪ್ಪನ ಅತ್ತೆಯ ಕಿಡ್ನಿಯಲ್ಲಿ ಕೂತಿದ್ದ ಕಲ್ಲಿಗೆ ತಾರೀಖಿನ ಪರಿವೆ ಇರಲಿಲ್ಲ. ಅದು ಮಾರ್ಚ್ ತಿಂಗಳು ಮುಗಿಯುವುದರೊಳಗೆ ನೋಯಿಸಿದ್ದರೆ, ಗಿರಣಿಯ ಆರೋಗ್ಯ ವಿಮೆಯವರು ಆಕೆಯನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿ, ಕೊಯ್ಯಿಸಿ, ಹೊಲಿಸಿ, ಬಸ್ಸಿನ ಚಾರ್ಜು ಕೊಟ್ಟು ಮರಳಿ ಮನೆಗೆ ಮುಟ್ಟಿಸುತ್ತಿದ್ದರು. ಅದು ನೋಯಿಸಿದ್ದು ಸಾವಿರದ ಒಂಬೈನೂರ ಎಂಬತ್ತೈದರ ಏಪ್ರಿಲ್ ನಾಲ್ಕರಂದು. ವಿಮೆಯ ನಿಯಮ ಬದಲಾದದ್ದು ಏಪ್ರಿಲ್ ಒಂದರಂದು.

ಹಳೆಯ ನಿಯಮ ಉದಾರವಾಗಿತ್ತು. ಕಾರ್ಮಿಕನ ಮನೆಯಲ್ಲಿ ಉಣ್ಣುವವರೆಲ್ಲ ಅವನ ಕುಟುಂಬ ಎಂದು ಅದರಲ್ಲಿ ಬರೆದಿತ್ತು. ನೂಲು ಖಾತೆಯ ಗಾಳೆಪ್ಪ ಹದಿನಾಲ್ಕು ಜನರನ್ನು ಕುಟುಂಬವೆಂದು ಬರೆಸಿದ್ದ. ಅವರಲ್ಲಿ ಇಬ್ಬರ ಮುಖವನ್ನು ಅವನೇ ನೋಡಿರಲಿಲ್ಲ. ಇಂಥವರ ದೆಸೆಯಿಂದ ಹೊಸ ನಿಯಮ ಬಂತು. ಗೇಟಿನ ಪಕ್ಕದ ಹಲಗೆಗೆ ಅಂಟಿಸಿದ ಕಾಗದದ ಪ್ರಕಾರ ಇನ್ನು ಮೇಲೆ ಕುಟುಂಬವೆಂದರೆ ಕಾರ್ಮಿಕ, ಅವನ ಹೆಂಡತಿ, ಇಬ್ಬರು ಮಕ್ಕಳು, ಮತ್ತು ಅವನನ್ನೇ ನಂಬಿಕೊಂಡಿರುವ ಅವನ ತಂದೆ ತಾಯಿ. ಹೆಂಡತಿಯ ತಂದೆ ತಾಯಿ ಕುಟುಂಬವಲ್ಲ. ಮೇಲಾಗಿ, ಜುಲೈ ತಿಂಗಳಲ್ಲಿ ಪ್ರತಿ ಕುಟುಂಬವೂ ಗಿರಣಿಯ ದವಾಖಾನೆಗೆ ಬಂದು ತಪಾಸಣೆ ಮಾಡಿಸಿಕೊಳ್ಳಬೇಕು. ಚಿಕ್ಕ ಮಕ್ಕಳಿಗೆ ಸರಕಾರಿ ದವಾಖಾನೆಯಲ್ಲಿ ಮೂರೂ ಸಲದ ಸೂಜಿ ಹಾಕಿಸಿ ಅದರ ಕಾರ್ಡು ತರಬೇಕು. ಫೋಟೋ ಅಂಟಿಸಿದ ಹೊಸ ವಿಮಾ ಕಾರ್ಡು ಅಲ್ಲಿಯೇ ಸಿಗುತ್ತದೆ. ಬಾರದವರ ವಿಮೆ ರದ್ದು.

ಮಂಗಳೂರು ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ಕಾರ್ಮಿಕರನ್ನು ಸೇರಿಸಿ ಒಂದು ಭಾಷಣವನ್ನೂ ಮಾಡಿದರು. ರೋಗ ಬಂದ ಮೇಲೆ ಓಡಾಡುವುದಲ್ಲ, ಬಾರದಂತೆ ನೋಡಿಕೊಳ್ಳುವುದು ಜಾಣತನ ಎಂದರು. ಕುಬೇರಪ್ಪ ಹಿಂದಿನ ಸಾಲಿನಲ್ಲಿ ನಿಂತು ಕೇಳಿದ. ಅತ್ತೆ ಬಾರದಂತೆ ನೋಡಿಕೊಳ್ಳುವ ಸೂಜಿ ಇದ್ದರೆ ಎಲ್ಲರಿಗಿಂತ ಮೊದಲು ತಾನು ತೋಳು ಒಡ್ಡುತ್ತೇನೆ ಎಂದುಕೊಂಡ.

ಅತ್ತೆ ದುರಗಮ್ಮ ಇಟಗಿಯಿಂದ ಕೊಪ್ಪಳಕ್ಕೆ ಎರಡು ದಿನದ ಮಟ್ಟಿಗೆಂದು ಬಂದವಳು. ಹೊಟ್ಟೆನೋವು ಶುರುವಾದ ಮೇಲೆ ಕುಬೇರಪ್ಪನ ಹೊರಸು ಆಕೆಯದಾಯಿತು, ಅವನಿಗೆ ಚಾಪೆ ಬಂತು. ಕೊಪ್ಪಳದ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆದು, ಹುಣಸೆ ಬೀಜದಷ್ಟು ಕಲ್ಲು ಇದೆ, ಐದಾರು ತಿಂಗಳೊಳಗೆ ತೆಗೆಸದಿದ್ದರೆ ಮೊದಲು ಕಿಡ್ನಿ ಹೋಗುತ್ತದೆ, ಆಮೇಲೆ ಈಕೆ ಹೋಗುತ್ತಾಳೆ ಎಂದರು. ಮನೆಯಲ್ಲಿ ಹುರಳಿ ಕಟ್ಟು ಕುಡಿಸಿ ನೋಡಿದರು. ಕಲ್ಲಿಗೆ ಅದು ರುಚಿಸಿತೇ ಹೊರತು ಕರಗಲಿಲ್ಲ. ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದರೆ ಆಕೆ ಒಪ್ಪಲಿಲ್ಲ.

"ನಮ್ಮನಿಯವ್ರು ಅಲ್ಲಿಗೆ ತಮ್ಮ ಕಾಲಿಲೆ ನಡಕೋತ ಹೋದ್ರು. ಬರೂ ಮುಂದ ನಾಕ ಮಂದಿ ಹೊತ್ಕೊಂಡ ಬಂದ್ರು. ನಾ ಒಲ್ಲೆ," ಎಂದಳು. ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ಇಲ್ಲದ್ದರಿಂದ ಸೆರಗು ಮುಂದಕ್ಕೆಳೆದುಕೊಂಡು ಇದನ್ನು ಗೋಡೆಗೆ ಹೇಳಿದಳು.

ಹುಬ್ಬಳ್ಳಿಯ ಆಸ್ಪತ್ರೆಯ ಖರ್ಚು ಕುಬೇರಪ್ಪನ ಒಂದೂವರೆ ವರ್ಷದ ಸಂಬಳ. ಅವನು ಅದನ್ನು ಹೆಂಡತಿಗೆ ವಿವರಿಸಿದ. ಕರಿಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿಮ್ಮವ್ವ ಕೆಮ್ಮೂದನ್ನ ನಾ ಆರು ವರ್ಷ ಕೇಳೇನಿ. ನಮ್ಮವ್ವ ನರಳೂದನ್ನ ನೀವು ಆರು ತಿಂಗಳ ಕೇಳ್ರಿ. ಆಮ್ಯಾಲೆ ಹೆಂಗೂ ಸುಮ್ಮನಾಗ್ತಾಳ."

ಅಷ್ಟು ಹೇಳಿ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಆ ದಿನ ರೊಟ್ಟಿ ಸೀದುಹೋಯಿತು. ಕರಿಯವ್ವ ಒಲೆಯ ಮುಂದೆ ಮುಖ ಮುಚ್ಚಿಕೊಂಡು ಕೂತಿದ್ದಳೆಂದು ಅವನಿಗೆ ಆ ವಾಸನೆಯಿಂದಲೇ ತಿಳಿಯಿತು.

ಮರುದಿನ ಅವನು ತನ್ನ ಹಳೆಯ ವಿಮಾ ಕಾರ್ಡನ್ನು ತೆಗೆದು ನೋಡಿದ. ಕೊನೆಯ ಸಾಲಿನಲ್ಲಿ ಹೀಗೆ ಬರೆದಿತ್ತು: ತಾಯಿ, ಮುದುಕವ್ವ, ವಯಸ್ಸು ಐವತ್ತೆಂಟು, ಗುರುತು ಗದ್ದದ ಮೇಲೆ ಹಚ್ಚೆಯ ಚುಕ್ಕೆ. ಫೋಟೋ ಇರಲಿಲ್ಲ.

ಮುದುಕವ್ವ ತೀರಿಕೊಂಡು ಮೂರು ವರ್ಷವಾಗಿತ್ತು. ಆದರೆ ಅದು ಗಿರಣಿಗೆ ಗೊತ್ತಿರಲಿಲ್ಲ. ಆಕೆ ಸತ್ತದ್ದು ಮುಷ್ಕರದಿಂದ ಗಿರಣಿ ಬಾಗಿಲು ಹಾಕಿದ್ದ ಮಳೆಗಾಲದಲ್ಲಿ; ರಜಾ ಅರ್ಜಿ ಬರೆಯುವ ಪ್ರಸಂಗ ಬರಲಿಲ್ಲ. ಸತ್ತ ಊರು ಯಲಬುರ್ಗಾದಿಂದಾಚೆ, ಎರೆಮಣ್ಣಿನ ನಡುವೆ. ಮಳೆ ಬಿದ್ದರೆ ಬಸ್ಸು ಆ ಕಡೆ ತಲೆ ಹಾಕುವುದಿಲ್ಲ. ಹೀಗಾಗಿ ಗಿರಣಿಯಿಂದ ಮಣ್ಣಿಗೆ ಬಂದವರೂ ಯಾರಿಲ್ಲ. ಆಗ ಕುಬೇರಪ್ಪ ಕೊಪ್ಪಳದಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದ. ಕರಿಯವ್ವ ಊರಲ್ಲಿ ತನ್ನ ಅತ್ತೆ ಮುದುಕವ್ವನ ಬಳಿ ಇದ್ದಳು. ತಾಯಿಯ ತಿಥಿ ಮುಗಿದ ಮೇಲೆ ಹೆಂಡತಿಯನ್ನು ಕೊಪ್ಪಳಕ್ಕೆ ಕರೆತಂದು ಮನೆ ಮಾಡಿದ. ಆದ್ದರಿಂದ ಕೊಪ್ಪಳದಲ್ಲಿ ಮುದುಕವ್ವನ ಮುಖ ಕಂಡವರು ಒಬ್ಬರೂ ಇರಲಿಲ್ಲ. ಸಾವನ್ನು ಚಾವಡಿಯಲ್ಲಿ ಬರೆಸಿಯೂ ಇರಲಿಲ್ಲ. ರೇಶನ್ ಕಾರ್ಡಿನಿಂದ ಹೆಸರು ತೆಗೆಸುವುದಂತೂ ಯಾರ ಮನಸ್ಸಿಗೂ ಬಂದಿರಲಿಲ್ಲ. ಬದುಕಿದ್ದಾಗ ಬೆಲ್ಲದ ಹೊರತು ಬೇರೆ ಸಿಹಿ ಮುಟ್ಟದ ಮುದುಕವ್ವ, ಸತ್ತ ಮೇಲೆ ತಿಂಗಳು ತಿಂಗಳೂ ಸೊಸೈಟಿಯ ಸಕ್ಕರೆ ತಿನ್ನುತ್ತಿದ್ದಳು.

ಸಕ್ಕರೆ ತಿನ್ನುವವಳ ಹೊಟ್ಟೆಯಲ್ಲಿ ಒಂದು ಕಲ್ಲು ಯಾಕಿರಬಾರದು ಎಂದು ಕುಬೇರಪ್ಪನಿಗೆ ಹೊಳೆಯಿತು.

ಬೇರೆ ಯಾರಾದರೂ ಆಗಿದ್ದರೆ ಆಗಲೇ ಓಡಿಹೋಗಿ ಫಾರಂ ತುಂಬಿ ಸಿಕ್ಕಿಬೀಳುತ್ತಿದ್ದರು. ಕುಬೇರಪ್ಪ ಹಾಗಲ್ಲ. ಅವನು ಗಿರಣಿಯ ಗೇಟಿನಲ್ಲಿ ಬಿಲ್ಲೆ ಗುಮಾಸ್ತ. ಪ್ರತಿ ಕಾರ್ಮಿಕನೂ ಬರುವಾಗ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅವನ ಮುಂದಿನ ಪೆಟ್ಟಿಗೆಗೆ ಹಾಕಬೇಕು. ಒಬ್ಬನ ಬಿಲ್ಲೆಯನ್ನು ಇನ್ನೊಬ್ಬ ಹಾಕುವುದನ್ನು ಹಿಡಿಯುವುದೇ ಅವನ ಹನ್ನೊಂದು ವರ್ಷದ ಕಸುಬು. ಇನ್ನೊಬ್ಬನಂತೆ ನಟಿಸುವವನು ಎಲ್ಲಿ ಎಡವುತ್ತಾನೆಂದು ಅವನಷ್ಟು ಬಲ್ಲವರು ಆ ಜಿಲ್ಲೆಯಲ್ಲಿ ಇರಲಿಲ್ಲ. ಕಳ್ಳ ಕೇಳುವ ಮೊದಲೇ ಉತ್ತರ ಹೇಳುತ್ತಾನೆ. ಅಂದು ಹೊಸ ಅಂಗಿ ಹಾಕಿಕೊಂಡು ಬರುತ್ತಾನೆ. ಮಾತಿಗೊಮ್ಮೆ ತನ್ನನ್ನು ಕರೆತಂದವನ ಮುಖ ನೋಡುತ್ತಾನೆ. ತಾನು ಹಿಡಿದ ತಪ್ಪುಗಳನ್ನೆಲ್ಲ ತಾನು ಮಾಡದಿದ್ದರೆ ತನ್ನನ್ನು ಹಿಡಿಯಲು ಇನ್ನೊಬ್ಬ ಕುಬೇರಪ್ಪ ಹುಟ್ಟಿಬರಬೇಕು ಎಂದು ಅವನು ಲೆಕ್ಕ ಹಾಕಿದ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ವಿಮೆ ಹೋಗುತ್ತದೆ, ಕಲ್ಲು ಇದ್ದಲ್ಲೇ ಇರುತ್ತದೆ. ಅದನ್ನೂ ಅವನು ಮರೆಯಲಿಲ್ಲ.

ಮೊದಲನೆಯ ತೊಡಕು ಎಕ್ಸ್‌ರೇ. ಕೊಪ್ಪಳದ ಎಕ್ಸ್‌ರೇ ಹಾಳೆಯ ಮೂಲೆಯಲ್ಲಿ ದುರಗಮ್ಮ ಎಂದು ಬಿಳಿಯ ಅಕ್ಷರದಲ್ಲಿ ಮೂಡಿತ್ತು. ಕುಬೇರಪ್ಪ ಆ ಹಾಳೆಯನ್ನು ಒಲೆಗೆ ಹಾಕಿಸಿದ. ಗುರುತಿನವರು ಯಾರೂ ಇಲ್ಲದ ಗಂಗಾವತಿಗೆ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಮುದುಕವ್ವ ಎಂಬ ಹೆಸರಿನಲ್ಲಿ ಚೀಟಿ ಮಾಡಿಸಿದ. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಒಬ್ಬ ನಿಂತು, "ಮುದುಕವ್ವ! ಯಾರ್ರೀ ಮುದುಕವ್ವ?" ಎಂದು ಮೂರು ಸಲ ಕೂಗಿದ. ದುರಗಮ್ಮ ಬೆಂಚಿನ ಮೇಲಿದ್ದವರ ಮುಖವನ್ನೆಲ್ಲ ಒಂದು ಸುತ್ತು ನೋಡಿದಳು.

"ಯಾವಾಕೀನೋ ಏನ, ಕಿವಿ ಕೇಳೂದಿಲ್ಲ ಕಾಣತೈತಿ," ಎಂದು ಪಕ್ಕದವಳಿಗೆ ಹೇಳಿದಳು.

ಕುಬೇರಪ್ಪ ಆಕೆಯ ರಟ್ಟೆ ಹಿಡಿದು ಒಳಗೆ ಕಳಿಸಬೇಕಾಯಿತು. ಎಕ್ಸ್‌ರೇ ಚೆನ್ನಾಗಿ ಬಂತು. ಕಲ್ಲು ಕೊಪ್ಪಳದಲ್ಲಿ ಇದ್ದಷ್ಟೇ ಇತ್ತು, ಹೆಸರು ಮಾತ್ರ ಬದಲಾಗಿತ್ತು. ಆದರೆ ತಿರುಗಿ ಬರುವಾಗ, ತುಂಬಿದ ಬಸ್ಸಿನಲ್ಲಿ ಹಿಟ್ನಾಳದವರೆಗೂ ಅವನು ಯೋಚಿಸುತ್ತಲೇ ನಿಂತಿದ್ದ. ಕಾಗದ ಬದಲಿಸುವುದು ಸುಲಭ, ಮುದುಕಿಯನ್ನು ಬದಲಿಸಬೇಕಾಗಿತ್ತು.

ಎರಡನೆಯದು, ತಾಯಿ ತನ್ನನ್ನೇ ನಂಬಿಕೊಂಡಿದ್ದಾಳೆ ಎಂಬ ಪ್ರಮಾಣಪತ್ರ. ಅದಕ್ಕಾಗಿ ಒಂದು ದಿನ ರಜೆ ಹಾಕಿ ಯಲಬುರ್ಗಾದ ಕಚೇರಿಗೆ ಹೋದ. ರೇಶನ್ ಕಾರ್ಡು ತೋರಿಸಿದ. ತಾಯಿಗೆ ಜಮೀನು ಉಂಟೋ, ಪಿಂಚಣಿ ಉಂಟೋ, ಬೇರೆ ಗಂಡುಮಕ್ಕಳು ಉಂಟೋ ಎಂದೆಲ್ಲ ಕೇಳುವ ಕಾಲಂಗಳು ಆ ಫಾರಂನಲ್ಲಿದ್ದವು. ಎಲ್ಲದಕ್ಕೂ ಇಲ್ಲ ಎಂದು ಬರೆದ. ಎಲ್ಲವೂ ನಿಜವೇ ಆಗಿತ್ತು. ತಾಯಿ ಬದುಕಿದ್ದಾಳೋ ಎಂದು ಕೇಳುವ ಕಾಲಂ ಇರಲಿಲ್ಲ. ಸುಳ್ಳು ಹೇಳಲು ಸಿದ್ಧನಾಗಿ ಹೋದವನಿಗೆ ಸರಕಾರವೇ ಆ ಪಾಪ ತಪ್ಪಿಸಿತು. ಸಂಜೆಯ ಬಸ್ಸಿಗೆ ಪ್ರಮಾಣಪತ್ರ ಹಿಡಿದು ಮನೆಗೆ ಬಂದ.

ಮೂರನೆಯದು ದುರಗಮ್ಮನೇ. ಮೇ ತಿಂಗಳ ಮೊದಲ ವಾರದಿಂದ ಪಾಠ ಶುರುವಾಯಿತು. ಈ ಪಾಠದಲ್ಲಿ ಶಿಷ್ಯೆಗಿಂತ ಗುರುವೇ ಹೆಚ್ಚು ಬೆವರಿದ.

"ಆಕಿ ಹೆಸರಿಗೆ ನಾ ಓ ಅನ್ಲ್ಯಾ?" ಎಂದು ದುರಗಮ್ಮ ಗೋಡೆಯನ್ನು ಕೇಳಿದಳು. "ನನ್ನ ಮಗಳ ಲಗ್ನದಾಗ, ಹೋಳಿಗಿ ತಣ್ಣಗದಾವಂತ ಊರ ಮಂದಿ ಮುಂದ ಅಂದಾಕಿ ಆಕಿ."

"ಸತ್ತಾಕಿ ಮ್ಯಾಲೆ ಇನ್ನೂ ಸಿಟ್ಟೇನಬೇ?" ಎಂದಳು ಕರಿಯವ್ವ.

"ಆಕಿ ಸತ್ತಾಳಂತ ನನ್ನ ಹೋಳಿಗಿ ಬಿಸಿ ಆಗ್ಯಾವೇನು?"

"ಯವ್ವಾ, ನಿನ್ನ ಹೊಟ್ಯಾಗ ಕಲ್ಲೈತಿ, ನೀ ಹೋಳಿಗಿ ಹಿಡಕೊಂಡ ಕುಂತಿ."

"ಮತ್ತ ಆ ಬೀಗರ ಹೆಂಡ್ತಿ ಅಂತ ಅನಿಸ್ಕೊಬೇಕಲ್ಲ, ಈ ವಯಸ್ಸಿನಾಗ! ಮ್ಯಾಲೆ ನಮ್ಮನಿಯವ್ರು ಏನಂದಾರು?"

ಆ ಬೀಗರೂ ತೀರಿಕೊಂಡು ಎಂಟು ವರ್ಷವಾಗಿದೆ, ಮೇಲೆ ಅವರವರೇ ಕೂತು ಬಗೆಹರಿಸಿಕೊಳ್ಳುತ್ತಾರೆ ಎಂದು ಕುಬೇರಪ್ಪ ಗೋಡೆಯ ಮೂಲಕವೇ ಸಮಾಧಾನ ಹೇಳಿದ. ಕಡೆಗೆ ಒಂದು ಸಂಜೆ ಕಲ್ಲು ತಾನೇ ಮಧ್ಯಸ್ಥಿಕೆಗೆ ಬಂತು. ದುರಗಮ್ಮ ಹೊರಸಿನ ಹಗ್ಗ ಕಚ್ಚಿ ಎರಡು ತಾಸು ಹೊರಳಾಡಿದಳು. ಕರಿಯವ್ವ ಆಕೆಯ ಕಾಲು ಹಿಡಿದು ಕೂತು ಅತ್ತಳು. ನೋವು ಇಳಿದ ಮೇಲೆ ದುರಗಮ್ಮ ನೀರು ಕುಡಿದು, "ಆತು. ನಾ ಮುದುಕವ್ವ," ಎಂದಳು.

ಪದ್ಧತಿಗಳನ್ನು ಕುಬೇರಪ್ಪ ಒಂದೊಂದಾಗಿ ಪರಿಶೀಲಿಸಿದ. ಗಂಡನ ಹೆಸರು ಕೇಳಿದರೆ ಹೆದರಬೇಕಾಗಿಲ್ಲ. ಆ ವಯಸ್ಸಿನ ಯಾವ ಹೆಂಗಸೂ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೇ ಅನುಮಾನ. ಗದ್ದದ ಹಚ್ಚೆಗೂ ಭಯವಿಲ್ಲ. ನಾಲ್ಕು ತಾಲೂಕಿನಲ್ಲಿ ಗದ್ದಕ್ಕೆ ಚುಕ್ಕೆ ಹಾಕಿಸಿಕೊಳ್ಳದ ಮುದುಕಿ ಸಿಗುವುದೇ ಕಷ್ಟ. ಕರಿಯವ್ವ ಮಾತ್ರ ಎಷ್ಟು ಹೇಳಿಕೊಟ್ಟರೂ ತಾಯಿಯನ್ನು ಅತ್ತಿ ಎನ್ನಲು ಹೋಗಿ ಯವ್ವ ಎನ್ನುತ್ತಿದ್ದಳು. ಅದಕ್ಕೂ ದಾರಿ ಇತ್ತು: ಅತ್ತೆಯ ಮುಂದೆ ಸೊಸೆ ಬಾಯಿ ಬಿಡದಿರುವುದು ಎಲ್ಲ ಕಡೆಯೂ ನಡೆದುಬಂದದ್ದು. ಕರಿಯವ್ವ ತಲೆ ತಗ್ಗಿಸಿ ಸುಮ್ಮನಿದ್ದರೆ ಸಾಕು. ನಮ್ಮ ಹಿರಿಯರು ಇಷ್ಟೊಂದು ಅನುಕೂಲ ಮಾಡಿಟ್ಟು ಹೋಗಿದ್ದಾರಲ್ಲ ಎಂದು ಅವನಿಗೆ ಭಕ್ತಿಯೇ ಉಂಟಾಯಿತು.

ಉಳಿದದ್ದು ಒಂದೇ. ಅಳಿಯನ ಮುಂದೆ ಸೆರಗೆಳೆದುಕೊಂಡು ಗೋಡೆಗೆ ಮಾತಾಡುವ ಹೆಂಗಸನ್ನು ಯಾರೂ ತಾಯಿ ಎನ್ನುವುದಿಲ್ಲ. ತಾಯಿಯಾದವಳು ಮಗನ ಮುಖ ನೋಡಿ ಮಾತಾಡಬೇಕು, ಲೇ ಎನ್ನಬೇಕು. ಮೊದಲ ದಿನ ದುರಗಮ್ಮ ಕಣ್ಣು ಮುಚ್ಚಿಕೊಂಡು, "ಲೇ ಅಳಿಯಂದಿರ," ಎಂದಳು. ಮೂರನೆಯ ದಿನ, "ಲೇ ಕುಬೇರಾ," ಎಂದು ನಾಲಿಗೆ ಕಚ್ಚಿಕೊಂಡಳು. ವಾರ ಕಳೆಯುವುದರಲ್ಲಿ ಆ ಮಾತಿನ ರುಚಿ ಹತ್ತಿತು.

"ಲೇ ಕುಬೇರಾ, ನೀರ ತಾರೋ! ಕುಂತ ಕುಂತ ಕುಂಡಿಗೆ ಬೇರ ಬಿಟ್ಟಾವೇನು?"

ಪಾಠದ ಹೊತ್ತು ಮುಗಿಯಿತು ಎಂದು ಅವನು ಹೇಳಿದರೂ ಆಕೆ ನಿಲ್ಲಿಸಲಿಲ್ಲ. ರೂಢಿ ತಪ್ಪಬಾರದು ಎಂದು ಅವನೇ ಹೇಳಿದ್ದನಲ್ಲ. ಒಂಬತ್ತು ವರ್ಷ ಗೋಡೆಯ ಮೂಲಕ ಬರುತ್ತಿದ್ದ ಮಾತುಗಳೆಲ್ಲ ಈಗ ನೇರವಾಗಿ ಬರತೊಡಗಿದವು. ಅವನು ಉಣ್ಣುವ ರೀತಿ, ಅವನು ತೊಡುವ ಲುಂಗಿ, ಅವನ ಸಂಬಳ, ಬಿಲ್ಲೆ ಎಣಿಸುವುದೂ ಒಂದು ಗಂಡಸಿನ ಕೆಲಸವೇ ಎಂಬ ವಿಷಯ, ಯಾವುದೂ ಉಳಿಯಲಿಲ್ಲ. ಕರಿಯವ್ವ ಒಳಗೆ ಮುಖಕ್ಕೆ ಸೆರಗು ಹಿಡಿದು ನಗುತ್ತಿದ್ದಳು. ಕುಬೇರಪ್ಪ ಸಹಿಸಿಕೊಂಡ. ವೇಷ ಮೈಗೆ ಹತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ ಎಂದುಕೊಂಡ.

ಒಂದು ದಿನ ಮಾತ್ರ ಬೇರೆಯಾಯಿತು. ಮಧ್ಯಾಹ್ನದ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದ. ದುರಗಮ್ಮ ಹೊರಸಿನ ಮೇಲೆ ಅರೆನಿದ್ದೆಯಲ್ಲಿದ್ದಳು. ಕಣ್ಣು ತೆರೆಯದೆ, ಮೆಲ್ಲಗೆ, "ಲೇ ಕುಬೇರಾ, ಉಂಡೇನೋ?" ಎಂದಳು. ಅವನ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ ಇತ್ತು. ಮೂರು ವರ್ಷದಿಂದ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಮೊಮ್ಮಕ್ಕಳ ಮುಖ ನೋಡಬೇಕೆಂದು ಹಂಬಲಿಸಿ, ನೋಡದೆ ಹೋದ ಮುದುಕಿ ಇದೇ ಮಾತನ್ನು ಕೊನೆಯ ದಿನವೂ ಕೇಳಿದ್ದಳು. ಕುಬೇರಪ್ಪ ಹಿತ್ತಲಿಗೆ ಹೋಗಿ, ಬೇಕಾದುದಕ್ಕಿಂತ ಹೆಚ್ಚು ಹೊತ್ತು ಮುಖ ತೊಳೆದ.

ಆ ಸೋಮವಾರ ಗವಿಮಠದ ಮೆಟ್ಟಿಲು ಹತ್ತಿ, ಕೈಮುಗಿದು ನಿಂತ. ದೇವರಿಗೆ ಕಾಯಿ ಒಡೆಸಿದ, ಮಾತಾಡಿದ್ದು ತಾಯಿಯೊಡನೆ. ಯವ್ವಾ, ನಿನ್ನ ಹೆಸರು ಸ್ವಲ್ಪ ದಿನ ಕೊಟ್ಟಿರು, ಸವೆಸದಂತೆ ತಿರುಗಿ ಕೊಡುತ್ತೇನೆ ಎಂದ. ತಾಯಿ ಬೇಡವೆನ್ನಲಿಲ್ಲ. ಆಕೆ ಬದುಕಿದ್ದಾಗಲೂ ಅವನಿಗೆ ಯಾವುದನ್ನೂ ಬೇಡವೆಂದವಳಲ್ಲ.

ಭಯವಿದ್ದದ್ದು ಹೆಡ್ ಗುಮಾಸ್ತ ಪಂಪಣ್ಣನದು. ಗಂಗಾವತಿಯ ಮನುಷ್ಯ, ವಿಮೆಯ ಪತ್ರಗಳಿಗೆ ಸಿಕ್ಕಾ ಒತ್ತುವವನು. ಹಳೆಯ ನಿಯಮದಲ್ಲಿ ಗಾಳೆಪ್ಪನ ಹದಿನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಗಾಳೆಪ್ಪನ ಹೆಸರೇನು ಎಂದು ಕೇಳಿ ಬಣ್ಣ ಬಯಲು ಮಾಡಿದವನು ಅವನೇ. ಜೂನ್‌ನಲ್ಲಿ ಒಂದು ದಿನ ಬಿಲ್ಲೆಯ ಲೆಕ್ಕ ಕೊಡಲು ಹೋದಾಗ ಪಂಪಣ್ಣ ಕನ್ನಡಕದ ಮೇಲಿಂದ ನೋಡಿದ.

"ಕುಬೇರಪ್ಪ, ನಿಮ್ಮವ್ವ ಅದಾಳೇನೋ?"

"ಅದಾಳ್ರಿ."

"ಹೆಂಗದಾಳ?"

"ಹೊಟ್ಟಿಬ್ಯಾನಿ ಒಂದ್ರಿ. ಬಾಯಿ ಮಾತ್ರ ಭಾಳ ಗಟ್ಟಿ ಐತ್ರಿ."

ಪಂಪಣ್ಣ ನಕ್ಕ. "ನಮ್ಮವ್ವಂದೂ ಹಂಗಽ ಇತ್ತು ಬಿಡಪಾ. ತಪಾಸಣಿಗೆ ಕರಕೊಂಡ ಬಾ."

ಮನೆಯಲ್ಲಿದ್ದ ಹೆಂಗಸಿನ ಬಗ್ಗೆ ತಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲವೆಂದು ಕುಬೇರಪ್ಪ ಸಮಾಧಾನಪಟ್ಟ. ಕೇಳುವ ಮೊದಲೇ ಉತ್ತರ ಹೇಳಿರಲಿಲ್ಲ, ಕೇಳಿದಷ್ಟನ್ನೇ ಹೇಳಿದ್ದ.

ಈ ನಡುವೆ ಅವನ ಮಗಳು ಚಿನ್ನಿಯ ಸೂಜಿಗಳೂ ಆದವು. ಒಂದೂವರೆ ವರ್ಷದ ಕೂಸು. ಏಪ್ರಿಲ್, ಮೇ, ಜೂನ್ ಮೂರು ತಿಂಗಳೂ ಕರಿಯವ್ವ ಅದನ್ನು ಸೊಂಟಕ್ಕೇರಿಸಿಕೊಂಡು, ತಾಯಿಯನ್ನು ಜೊತೆಗೆ ಕರೆದುಕೊಂಡು ಸರಕಾರಿ ದವಾಖಾನೆಗೆ ಹೋಗಿ ಬಂದಳು. ಸೂಜಿ ಹಾಕಿದ ದಿನ ಕೂಸಿಗೆ ಮೈ ಬಿಸಿಯಾಗಿ ಮನೆಯವರಿಗೆಲ್ಲ ನಿದ್ದೆ ಕೆಡುತ್ತಿತ್ತು. ಜ್ವರ ಬರಬಾರದೆಂದು ಜ್ವರ ಬರಿಸುವ ಈ ಜಾಣತನ ಮಂಗಳೂರಿನವರಿಗೇ ಹೊಳೆಯಬೇಕು ಎಂದು ಕುಬೇರಪ್ಪ ಗೊಣಗಿದ. ಹೊಸ ವಿಮೆಯ ಫಾರಂನಲ್ಲಿ ಮಕ್ಕಳ ಸಂಖ್ಯೆ ಮತ್ತು ವಯಸ್ಸು ಕೇಳಿದ್ದರು: ಒಂದು ಹೆಣ್ಣು, ಒಂದೂವರೆ ವರ್ಷ ಎಂದು ಬರೆದ. ಕೂಸಿನ ಸೂಜಿಯ ಕಾರ್ಡು ಜೊತೆಗಿರಲಿ ಎಂದು ಹೆಂಡತಿಗೆ ಹೇಳಿದ. ಅವನ ಗಮನವೆಲ್ಲ ಮುದುಕಿಯ ಮೇಲಿತ್ತು.

ತಪಾಸಣೆಯ ದಿನ ದುರಗಮ್ಮನಿಗೆ ಹೊಸ ಸೀರೆ ಉಡಲು ಬಿಡಲಿಲ್ಲ. ಒಗೆದ ಹಳೆಯ ಸೀರೆಯೇ ಸಾಕೆಂದ. ದವಾಖಾನೆಯ ಒಳಗೆ ಡಾಕ್ಟರು; ಹೊರಗೆ ಪಡಸಾಲೆಯಲ್ಲಿ ಎರಡು ಮೇಜು. ಒಂದರ ಮುಂದೆ ಪಂಪಣ್ಣ ಸಿಕ್ಕಾ ಹಿಡಿದು ಕೂತಿದ್ದ. ಇನ್ನೊಂದರ ಮುಂದೆ ಮಕ್ಕಳ ಸೂಜಿಯ ಕಾರ್ಡು ನೋಡಿ ಪೋಲಿಯೋ ಹನಿ ಹಾಕಲು ಕುಷ್ಟಗಿಯಿಂದ ಕರೆಸಿದ್ದ ನರ್ಸು ಬಸವಣ್ಣೆಮ್ಮ ಕೂತಿದ್ದಳು.

ಕಂಪೌಂಡರ್ ಮದಾರಸಾಬ ಒಳಗಿನಿಂದ, "ಮುದುಕವ್ವ!" ಎಂದು ಕೂಗಿದ. ದುರಗಮ್ಮ ತಕ್ಷಣ ಎದ್ದಳು. ಅವಸರವಾಗಿಯೂ ಅಲ್ಲ, ತಡವಾಗಿಯೂ ಅಲ್ಲ; ಅರವತ್ತು ವರ್ಷ ಅದೇ ಹೆಸರಿಗೆ ಎದ್ದವಳಂತೆ, ಸೊಂಟ ಹಿಡಿದುಕೊಂಡು, ಗೊಣಗುತ್ತ ಎದ್ದಳು. ಕುಬೇರಪ್ಪನಿಗೆ ಹೆಮ್ಮೆಯಾಯಿತು. ಕರಿಯವ್ವನನ್ನೂ ಕೂಸನ್ನೂ ಹೊರಗೇ ಬಿಟ್ಟು ಅವನು ಆಕೆಯ ಹಿಂದೆ ಒಳಗೆ ಹೋದ.

"ಅಮ್ಮಾ, ನಿಮ್ಮ ಯಜಮಾನರ ಹೆಸರೇನು?" ಎಂದರು ಡಾಕ್ಟರು.

ದುರಗಮ್ಮ ನೆಲ ನೋಡಿದಳು.

"ಹೇಳೂದಿಲ್ರಿ ಸಾಹೇಬ್ರ," ಎಂದ ಮದಾರಸಾಬ. "ಈ ಕಡೆ ಹೆಂಗಸರು ಗಂಡನ ಹೆಸರ ಹೇಳೂದಿಲ್ಲ. ಬಡದ್ರೂ ಹೇಳೂದಿಲ್ಲ."

"ಹಾಗಾದರೆ ಫಾರಂನಲ್ಲಿ ಇರುವುದೇ ಸರಿ," ಎಂದು ಡಾಕ್ಟರು ನಕ್ಕು, ತೂಕ ನೋಡಿದರು, ನಾಡಿ ನೋಡಿದರು, ಗಂಗಾವತಿಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೊಟ್ಟೆಯ ಪಕ್ಕೆಯನ್ನು ಒತ್ತಿದಾಗ ದುರಗಮ್ಮ ಕಿರುಚಿದಳು. ಅದಕ್ಕೆ ಪಾಠ ಬೇಕಾಗಿರಲಿಲ್ಲ.

"ಲೇ ಕುಬೇರಾ! ನಿಂತ ನೋಡ್ತೀಯಲ್ಲೋ, ಕೈ ಹಿಡಿಯೋ! ಒಂಬತ್ತು ತಿಂಗಳ ಹೊತ್ತದ್ದಕ್ಕ ಇದೇನೋ ನೀ ಕೊಡೂದು?"

ಡಾಕ್ಟರು ಕುಬೇರಪ್ಪನ ಕಡೆ ಕರುಣೆಯಿಂದ ನೋಡಿದರು. ತಮ್ಮ ತಾಯಿಯೂ ಹೀಗೆಯೇ ಎಂದರು. ಕಲ್ಲು ದೊಡ್ಡದಾಗಿದೆ, ಇನ್ನು ತಡಮಾಡಬಾರದು, ಬರುವ ಸೋಮವಾರವೇ ಹುಬ್ಬಳ್ಳಿಯಲ್ಲಿ ಹಾಸಿಗೆ ಸಿಗುತ್ತದೆ ಎಂದು ಹೇಳಿ ಪತ್ರ ಬರೆದು ಸಹಿ ಹಾಕಿದರು. ಸಮಯಕ್ಕೆ ಸರಿಯಾಗಿ ತಪಾಸಣೆ ಮಾಡಿಸಿದ್ದರಿಂದ ತಾಯಿಯ ಜೀವ ಉಳಿಯಿತು ನೋಡಿ, ಇದನ್ನೇ ನಾನು ಅಂದು ಭಾಷಣದಲ್ಲಿ ಹೇಳಿದ್ದು ಎಂದರು. ಕುಬೇರಪ್ಪ ಮನಃಪೂರ್ವಕವಾಗಿ ಕೈಮುಗಿದ. ಪಡಸಾಲೆಗೆ ಬಂದಾಗ ಅವನ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ದುರಗಮ್ಮ ಮಗಳ ಪಕ್ಕಕ್ಕೆ ಹೋಗಿ ಬೆಂಚಿನ ಮೇಲೆ ಕೂತು ಕೂಸನ್ನು ತೊಡೆಗೆ ತೆಗೆದುಕೊಂಡಳು. ಕುಬೇರಪ್ಪ ಪತ್ರವನ್ನು ಪಂಪಣ್ಣನ ಮುಂದಿಟ್ಟ. ಪಂಪಣ್ಣ ಓದಿದ, ಎಕ್ಸ್‌ರೇಯ ಹೆಸರು ನೋಡಿದ, ಪ್ರಮಾಣಪತ್ರದ ಹೆಸರು ನೋಡಿದ, ತಲೆಯಾಡಿಸಿದ, ಸಿಕ್ಕಾವನ್ನು ಮಸಿಗೆ ಒತ್ತಿ ಎತ್ತಿದ.

ಪಕ್ಕದ ಮೇಜಿನಲ್ಲಿ ಬಸವಣ್ಣೆಮ್ಮ ಚಿನ್ನಿಯ ಬಾಯಿಗೆ ಹನಿ ಬಿಟ್ಟು, ಸೂಜಿಯ ಕಾರ್ಡು ಬಿಡಿಸಿ, ಮೂರು ತಾರೀಖುಗಳಿಗೆ ಗುರುತು ಹಾಕಿ, ತನ್ನ ಪುಸ್ತಕದಲ್ಲಿ ಬರೆಯಲು ಹೆಸರು ನೋಡಿದಳು. ಆ ಕಾರ್ಡನ್ನು ಕುಬೇರಪ್ಪ ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ತಂದ ಕಾಗದಗಳಲ್ಲೆಲ್ಲ ಹುಸಿ ಇಲ್ಲದ್ದು ಅದೊಂದೇ ಆಗಿದ್ದರಿಂದ ನೋಡುವಂಥದ್ದೇನೂ ಇರಲಿಲ್ಲ. ಸೊಸೆ ಅತ್ತೆಯ ಹೆಸರು ಹಿಡಿದು ಕೂಗಬಾರದೆಂದು ಮನೆಯಲ್ಲಿ ಕೂಸನ್ನು ಚಿನ್ನಿ ಎನ್ನುತ್ತಿದ್ದರು. ತೊಟ್ಟಿಲಿಗೆ ಹಾಕಿದ ದಿನ ಅದರ ಕಿವಿಯಲ್ಲಿ ಉಸುರಿದ ಹೆಸರನ್ನು, ಸೂಜಿ ಹಾಕಿಸಲು ಹೋದಾಗ ಕರಿಯವ್ವನ ಪರವಾಗಿ ದುರಗಮ್ಮನೇ ಹೇಳಿ ಬರೆಸಿದ್ದಳು. "ಮುದುಕವ್ವ," ಎಂದು ಬಸವಣ್ಣೆಮ್ಮ ಗಟ್ಟಿಯಾಗಿ ಓದಿದಳು. ಅಜ್ಜಿ ಬದುಕಿರುವಾಗ ಆಕೆಯ ಹೆಸರನ್ನು ಮೊಮ್ಮಗಳಿಗೆ ಯಾರೂ ಇಡುವುದಿಲ್ಲವೆಂದು ಮಂಗಳೂರಿನ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ. ಕುಷ್ಟಗಿಯ ನರ್ಸಿಗೂ ಗಂಗಾವತಿಯ ಗುಮಾಸ್ತನಿಗೂ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಂಪಣ್ಣನ ಸಿಕ್ಕಾ ಎತ್ತಿದಲ್ಲೇ ನಿಂತಿತು. ಬಸವಣ್ಣೆಮ್ಮ ಬೆಂಚಿನ ಕಡೆ ನೋಡಿ, ಒಂದೇ ಮೂಗು ಹೊತ್ತಿದ್ದ ಕರಿಯವ್ವನೂ ಮುದುಕಿಯೂ ತಾಯಿ ಮಗಳೆಂದು ತಿಳಿದು, ಕುಬೇರಪ್ಪನ ಕಡೆ ತಿರುಗಿ ಮರುಕದಿಂದ, "ನಿಮ್ಮವ್ವನ ಹೆಸರು ಇಟ್ಟೀರೇನ್ರಿ ಕೂಸಿಗೆ? ಪಾಪ, ಯಾವಾಗ ತೀರ್ಕೊಂಡ್ಳ್ರಿ ಹಿರ್ಯಾಳು?" ಎಂದಳು. ಕುಬೇರಪ್ಪ ಬಾಯಿ ತೆರೆಯುವುದರೊಳಗೆ, ಸತ್ತವರ ಮಾತು ಬಂದಾಗ ಸುಮ್ಮನಿದ್ದು ರೂಢಿಯಿಲ್ಲದ ದುರಗಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು, "ಮೂರ ವರ್ಷ ಆತ ನೋಡವ್ವಾ," ಎಂದಳು. "ಭಾಳ ಛಲೋ ಹೆಣಮಗಳಿದ್ಳು ಆಕಿ."